ಮಾತ್ರೆ ಮೆದು, ಪಂಪ್ ಬಿರುಸು ಎಂಬ ಲೆಕ್ಕ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ದಾವಣಗೆರೆಯ ನನ್ನ ಕ್ಲಿನಿಕ್ಕಿನ ಹೊರಗಿನ ಬೆಂಚಿಗೆ ಬಿಡುವಿರುವುದಿಲ್ಲ. ಒಕ್ಕುವ ಯಂತ್ರದ ದೂಳು, ಬೆಳಗಿನ ಚಳಿ, ಚನ್ನಗಿರಿ ಕಡೆ ಅಡಿಕೆ ಬೇಯಿಸುವ ಒಲೆಗಳ ಹೊಗೆ ಎಲ್ಲವೂ ಒಟ್ಟಿಗೆ ಬರುತ್ತವೆ. ಅಂಚೆಯವರು ತರುವುದೂ ಅದನ್ನೇ. ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ದಮ್ಮಿನ ಮಾತ್ರೆಗಳನ್ನು ಕುರಿತವು, ಆದ್ದರಿಂದ ಪುಟವನ್ನೆಲ್ಲ ಅವಕ್ಕೇ ಬಿಟ್ಟುಕೊಟ್ಟಿದ್ದೇನೆ. ಮಂಡಿನೋವಿನವರೂ ಕೂದಲು ಉದುರುವವರೂ ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಪತ್ರಗಳಿಂದ ಹೆಸರು ತೆಗೆದು ಊರು, ಕಸುಬು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಹುಡುಗನಾಗಿದ್ದಾಗಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವನು. ಹತ್ತು ವರ್ಷದಿಂದ ದಮ್ಮಿಗೆ ಡೆರಿಫಿಲಿನ್ ಮಾತ್ರೆ ನುಂಗುತ್ತಿದ್ದೇನೆ. ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನವರು ಕೊಡುತ್ತಾರೆ. ದಸರಾ ಕಳೆದ ಮೇಲೆ ಮಗಳ ಮಾತಿಗೆ ಬೀಡಿ ಬಿಟ್ಟೆ. ಬಿಟ್ಟ ಮೇಲೆ ಆರಾಮವಾಗಬೇಕಿತ್ತು, ಬದಲಿಗೆ ನಿದ್ದೆ ಹೋಯಿತು, ಕೈ ನಡುಗಲು ಶುರುವಾಯಿತು. ಮೊನ್ನೆ ಉರಿಮೂತ್ರಕ್ಕೆ ಬೇರೆ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಬರೆದುಕೊಟ್ಟರು. ಅದನ್ನು ನುಂಗಿದಾಗಿನಿಂದ ವಾಂತಿ, ಎದೆ ಡವಗುಟ್ಟುವುದು. ಬೀಡಿ ಬಿಟ್ಟದ್ದೇ ತಪ್ಪಾಯಿತೇ? ಈಗ ಆಸ್ಪತ್ರೆಯಲ್ಲಿ ಬಾಯಿಂದ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಕೊಡುತ್ತೇವೆ ಎನ್ನುತ್ತಾರೆ. ಪಂಪ್ ಹಿಡಿದವರು ಉಳಿಯುವುದಿಲ್ಲ ಎಂದು ಮನೆಯಾಕೆ ಅಳುತ್ತಿದ್ದಾಳೆ. (ದಾವಣಗೆರೆ)

ಉತ್ತರ: ಇದು ಅಚ್ಚಾಗುವವರೆಗೆ ಕಾಯಬಹುದಾದ ಪತ್ರವಲ್ಲ. ಓದಿದ ದಿನವೇ ಅವರಿಗೆ ಫೋನ್ ಮಾಡಿ, ಮುಂದಿನ ಮಾತ್ರೆ ನುಂಗದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಲು ಹೇಳಿದೆ. ಅವರು ಈಗ ಚೆನ್ನಾಗಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ವಿವರಿಸುತ್ತಿದ್ದೇನೆ, ಏಕೆಂದರೆ ಇವರ ಹಾಗೆ ಹಳೆಯ ಚೀಟಿಯ ಮೇಲೆ ಬದುಕುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಬಹಳ.

ಅಣ್ಣಾ, ಬೀಡಿ ಬಿಟ್ಟದ್ದು ತಪ್ಪಲ್ಲ. ನಿಮ್ಮ ಇಡೀ ಪತ್ರದಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಅದೇ. ಆದರೆ ಬೀಡಿ ಬಿಟ್ಟ ದಿನವೇ ಮಾತ್ರೆಯ ಲೆಕ್ಕವನ್ನೂ ಯಾರಾದರೂ ಮತ್ತೆ ಹಾಕಬೇಕಿತ್ತು. ನೀವು ನುಂಗುವ ಮಾತ್ರೆಯಲ್ಲಿ ಎಟೊಫಿಲಿನ್, ಥಿಯೊಫಿಲಿನ್ ಎಂಬ ಎರಡು ಔಷಧಿಗಳಿವೆ. ಥಿಯೊಫಿಲಿನ್ ಶ್ವಾಸನಾಳದ ಸುತ್ತ ಬಿಗಿದುಕೊಂಡಿರುವ ಸ್ನಾಯುವನ್ನು ಸಡಿಲಿಸುತ್ತದೆ, ಅದು ನಿಜವಾದ ಉಪಕಾರ. ತೊಡಕು ಇರುವುದು ಅಳತೆಯಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ 10ರಿಂದ 20 ಮೈಕ್ರೋಗ್ರಾಂ ಇರಬೇಕೆಂದು ನಾವು ಓದುವಾಗ ಕಲಿಸುತ್ತಿದ್ದರು. ಈಗ 5ರಿಂದ 15ರೊಳಗೆ ಇದ್ದರೆ ಸಾಕು ಎನ್ನುತ್ತಾರೆ. 20 ದಾಟಿತೆಂದರೆ ಹೊಟ್ಟೆ ತೊಳಸುವುದು, ವಾಂತಿ, ನಡುಕ, ನಿದ್ದೆಗೇಡು. ಇನ್ನೂ ಏರಿದರೆ ಹೃದಯದ ಲಯ ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಕೆಲವರಿಗೆ ವಾಂತಿಯ ಮುನ್ಸೂಚನೆಯೂ ಇಲ್ಲದೆ ನೇರವಾಗಿ ಫಿಟ್ಸೇ ಬಂದುಬಿಡುತ್ತದೆ. ಗುಣ ಕೊಡುವ ಅಳತೆಗೂ ಕೆಡುಕು ಮಾಡುವ ಅಳತೆಗೂ ನಡುವೆ ಇಷ್ಟು ಕಡಿಮೆ ಜಾಗವಿರುವ ಔಷಧಿಯನ್ನು ಹತ್ತು ವರ್ಷ ಯಾರೂ ತಿರುಗಿ ನೋಡದೆ ಕೊಟ್ಟಿದ್ದಾರೆ ಎಂಬುದು ನನಗೆ ಸಿಟ್ಟು ತರಿಸುತ್ತದೆ. ಸಿಟ್ಟು ನಿಮ್ಮ ಮೇಲಲ್ಲ.

ಈ ಔಷಧಿಯನ್ನು ಕರಗಿಸಿ ಹೊರಹಾಕುವ ಕೆಲಸ ಯಕೃತ್ತಿನದು. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕೆಲವು ಪದಾರ್ಥಗಳು ಯಕೃತ್ತಿನ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ಹೀಗಾಗಿ ಬೀಡಿ ಸೇದುವವರ ರಕ್ತದಲ್ಲಿ ಥಿಯೊಫಿಲಿನ್ ಬೇಗ ಇಳಿದುಹೋಗುತ್ತದೆ, ಅವರಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಬೀಡಿ ನಿಲ್ಲಿಸಿದ ವಾರದೊಳಗೆ ಯಕೃತ್ತು ತನ್ನ ಹಳೆಯ ನಿಧಾನಕ್ಕೆ ಮರಳುತ್ತದೆ. ನುಂಗುವ ಮಾತ್ರೆ ಅಷ್ಟೇ, ರಕ್ತದಲ್ಲಿ ಉಳಿಯುವುದು ಹೆಚ್ಚು. ಬೀಡಿ ಬಿಟ್ಟವರಿಗೆ ಪ್ರಮಾಣವನ್ನು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇಳಿಸಬೇಕಾಗಿ ಬರುವುದು ಇದೇ ಕಾರಣಕ್ಕೆ. ಎಷ್ಟು ಇಳಿಸಬೇಕೆಂಬುದನ್ನು ವೈದ್ಯರು ಹೇಳಬೇಕು, ನೀವೇ ಬ್ಲೇಡಿನಿಂದ ಮಾತ್ರೆ ಕತ್ತರಿಸಬಾರದು. ನಿಮ್ಮ ನಡುಕ, ನಿದ್ದೆಗೇಡು ಶುರುವಾದದ್ದು ಇಲ್ಲಿ. ಅದರ ಮೇಲೆ ಸಿಪ್ರೊಫ್ಲಾಕ್ಸಸಿನ್ ಬಂತು. ಅದು ಯಕೃತ್ತಿನ ಅದೇ ಕೆಲಸವನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಸೋಂಕಿಗೆ ಕೊಡುವ ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಹೊಟ್ಟೆಯುರಿಗೆ ಕೊಡುವ ಸಿಮೆಟಿಡಿನ್ ಕೂಡ ಹಾಗೆಯೇ. ಜೋರು ಜ್ವರವೂ ಮಟ್ಟವನ್ನು ಏರಿಸಬಲ್ಲದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇದಕ್ಕೆ ವಿರುದ್ಧ, ಮಟ್ಟವನ್ನು ಇಳಿಸಿ ಮಾತ್ರೆ ಕೆಲಸವೇ ಮಾಡದಂತೆ ಮಾಡುತ್ತವೆ. ಉರಿಮೂತ್ರಕ್ಕೆ ಬರೆದ ವೈದ್ಯರಿಗೆ ನೀವು ದಮ್ಮಿನ ಮಾತ್ರೆಯ ವಿಷಯ ಹೇಳಿದಿರೇ ಎಂದು ಫೋನಿನಲ್ಲಿ ಕೇಳಿದೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಎಂದರು. ನುಂಗುವ ಔಷಧಿಗಳ ಹೆಸರು ಬರೆದ ಚೀಟಿ ಇನ್ನು ಮುಂದೆ ನಿಮ್ಮ ಅಂಗಿಯ ಜೇಬಿನಲ್ಲೇ ಇರಲಿ, ಯಾವ ವೈದ್ಯರ ಬಳಿ ಹೋದರೂ, ಹಲ್ಲಿನವರ ಬಳಿ ಹೋದರೂ ಸರಿ.

ಇನ್ನು ಮನೆಯವರ ಅಳು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಕಡೆ ಪಂಪ್ ಎಂದರೆ ಕೊನೆಯ ಮೆಟ್ಟಿಲು ಎಂಬ ಭಾವನೆ ಬೇರೂರಿದೆ. ಮಾತ್ರೆಗಳಿಂದ ಸಾಗದೆ, ಮಂಚ ಹಿಡಿದ ಮೇಲೆ ಕೈಗೆ ಪಂಪ್ ಬಂದವರನ್ನೇ ಅವರು ನೋಡಿರುವುದು. ಆಮೇಲೆ ಆ ರೋಗಿಗಳು ತೀರಿಕೊಂಡರೆ ಅಪವಾದ ಪಂಪಿನ ತಲೆಗೆ ಬರುತ್ತದೆ, ತಡಮಾಡಿದ ವರ್ಷಗಳ ತಲೆಗೆ ಬರುವುದಿಲ್ಲ. ಮನೆಯವರಿಗೆ ಒಂದು ಸರಳ ಗಣಿತ ಹೇಳಿ. ಸಾಲ್ಬುಟಮಾಲ್ ಎಂಬ ಔಷಧಿ ಮಾತ್ರೆಯಾಗಿಯೂ ಸಿಗುತ್ತದೆ, ಪಂಪಿನಲ್ಲಿಯೂ ಸಿಗುತ್ತದೆ. ಮಾತ್ರೆ 4 ಮಿಲಿಗ್ರಾಂನದು, ಅಂದರೆ 4,000 ಮೈಕ್ರೋಗ್ರಾಂ. ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೋಗ್ರಾಂ. ಭಾಗಿಸಿ ನೋಡಿ: ಒಂದು ಮಾತ್ರೆಯೆಂದರೆ ನಲವತ್ತು ಒತ್ತು! ಪಂಪಿನದು ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟೇ ಸಾಕಾಗುತ್ತದೆ. ಮಾತ್ರೆ ಹೊಟ್ಟೆಗೆ ಇಳಿದು, ರಕ್ತಕ್ಕೆ ಸೇರಿ, ಹೃದಯ, ಕೈಕಾಲಿನ ಸ್ನಾಯು, ಎಲ್ಲ ಕಡೆ ಸುತ್ತಿ ಕೊನೆಗೆ ಎದೆಗೆ ಬರಬೇಕು. ಒಂದು ಅಡಿಕೆ ಗಿಡದ ಬುಡ ನೆನೆಸಲು ಭದ್ರಾ ನಾಲೆಯ ತೂಬನ್ನೇ ಎತ್ತಿದ ಹಾಗೆ ಅದು. ಎದೆ ಡವಗುಟ್ಟುವುದು, ಕೈ ನಡುಗುವುದು, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು ಆ ಹೆಚ್ಚಿನ ನೀರಿನ ಕೆಲಸ. ಮಾತ್ರೆ ಮೆದು, ಪಂಪ್ ಬಿರುಸು ಎಂದು ನಮ್ಮ ಜನ ಇಟ್ಟುಕೊಂಡಿರುವ ಲೆಕ್ಕ ಪೂರ್ತಿ ತಲೆಕೆಳಗು.

ಕೊನೆಯದಾಗಿ, ನಿಮಗಿರುವುದು ಅಸ್ತಮಾ ಎಂದು ನನಗೆ ಅನ್ನಿಸುವುದಿಲ್ಲ. ಭತ್ತದ ಹೊಟ್ಟಿನ ಹೊಗೆ, ಕಾದ ಮರಳಿನ ದೂಳು, ಜೊತೆಗೆ ಬೀಡಿ ಎಂದರೆ ಮೊದಲು ಶಂಕಿಸಬೇಕಾದದ್ದು ಸಿಒಪಿಡಿಯನ್ನು, ಅಂದರೆ ವರ್ಷಗಟ್ಟಲೆ ಹೊಗೆ, ದೂಳು ಕುಡಿದು ಶ್ವಾಸನಾಳ ಕಾಯಮ್ಮಾಗಿ ಕಿರಿದಾಗುವ ಕಾಯಿಲೆಯನ್ನು. ಅದಕ್ಕೆ ಸ್ಪೈರೊಮೆಟ್ರಿ ಎಂಬ ಊದುವ ಪರೀಕ್ಷೆ ಬೇಕು. ಎದೆಯ ಎಕ್ಸ್‌ರೇ ಒಂದರಿಂದಲೇ ಅದು ಖಚಿತವಾಗುವುದಿಲ್ಲ. ಸಿಒಪಿಡಿ ಆಗಿದ್ದರೆ ದೀರ್ಘಕಾಲ ಕೆಲಸ ಮಾಡುವ ಪಂಪಿನ ಔಷಧಿಗಳೇ ಮುಖ್ಯ ಆಧಾರ. ಅಂಥವು ಸಿಗದಿದ್ದಾಗ ಅಥವಾ ಕೊಳ್ಳಲು ಆಗದಿದ್ದಾಗ ಮಾತ್ರ ಥಿಯೊಫಿಲಿನ್ ಎಂಬುದು ಈಗ ಜಗತ್ತಿನಾದ್ಯಂತ ವೈದ್ಯರು ಒಪ್ಪಿರುವ ಕ್ರಮ.

ಪ್ರಶ್ನೆ: ನಮ್ಮ ಅತ್ತೆಗೆ ಎಪ್ಪತ್ತು ವರ್ಷ. ದಮ್ಮಿಗೆಂದು ಕ್ಯಾಪ್ಸೂಲ್ ಕೊಟ್ಟಿದ್ದಾರೆ. ದಿನಾ ಎರಡು ಹೊತ್ತು ಬಿಸಿನೀರಿನಲ್ಲಿ ನುಂಗುತ್ತಾರೆ. ಎರಡು ತಿಂಗಳಾದರೂ ಸ್ವಲ್ಪವೂ ಗುಣವಿಲ್ಲ. ಜೊತೆಗೆ ಪ್ಲಾಸ್ಟಿಕ್ಕಿನ ಒಂದು ಸಾಮಾನು ಕೊಟ್ಟಿದ್ದರು, ಅದನ್ನು ಮೊಮ್ಮಗ ಆಟಕ್ಕೆ ತೆಗೆದುಕೊಂಡಿದ್ದಾನೆ. (ಚನ್ನಗಿರಿ ತಾಲ್ಲೂಕು)

ಉತ್ತರ: ಮೊಮ್ಮಗನ ಕೈಯಿಂದ ಅದನ್ನು ಇಸಿದುಕೊಳ್ಳಿ. ಔಷಧಿ ಒಳಗೆ ಹೋಗುವ ದಾರಿಯೇ ಅದು. ಆ ಕ್ಯಾಪ್ಸೂಲಿನ ಪುಡಿ ಎಳೆದುಕೊಳ್ಳಲು ಮಾಡಿದ್ದು, ನುಂಗಲು ಅಲ್ಲ. ಸಾಮಾನಿನ ಒಳಗೆ ಕ್ಯಾಪ್ಸೂಲ್ ಇಟ್ಟು ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಪೂರ್ತಿ ಉಸಿರು ಹೊರಬಿಟ್ಟು, ತುಟಿಯನ್ನು ಬಿಗಿಯಾಗಿ ಮುಚ್ಚಿ, ಜೋರಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ತಡೆದು ಬಿಡಬೇಕು. ಕ್ಯಾಪ್ಸೂಲ್ ಖಾಲಿಯಾಗಿದೆಯೇ ನೋಡಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಬರಬಹುದು.

ನಗಬೇಡಿ, ನಿಮ್ಮ ಅತ್ತೆ ಒಬ್ಬರೇ ಅಲ್ಲ. ಕ್ಯಾಪ್ಸೂಲ್ ಕಂಡರೆ ನುಂಗುವುದು ಯಾರಿಗಾದರೂ ಸಹಜ. ಕೊಡುವವರು ಒಮ್ಮೆ ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡಬೇಕಿತ್ತು. ಎಪ್ಪತ್ತರ ವಯಸ್ಸಿನಲ್ಲಿ ಜೋರಾಗಿ ಎಳೆಯುವ ಶಕ್ತಿ ಇಲ್ಲವೆಂದು ಕಂಡರೆ ಪುಡಿಯ ಬದಲು ಒತ್ತುವ ಪಂಪನ್ನು ಸ್ಪೇಸರ್ ಎಂಬ ಕೊಳವೆಗೆ ಸಿಕ್ಕಿಸಿ ಕೊಡಬಹುದು. ವೈದ್ಯರನ್ನು ಕೇಳಿ. ಹಾಗೆಯೇ ಒಲೆಯ ಮುಂದೆ ಕೂರುವ ಕೆಲಸ ಅವರದೇ ಆಗಿದ್ದರೆ ಅದನ್ನು ತಪ್ಪಿಸಿ. ಅಡಿಕೆ ಬೇಯಿಸುವ ದಿನಗಳಲ್ಲಿ ಅವರು ನೆಂಟರ ಮನೆಗೆ ಹೋದರೂ ಆದೀತು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಗೆ ಹೋಗುವ ವಯಸ್ಸಿನಿಂದಲೂ ಅಸ್ತಮಾ. ಬ್ಯಾಗಿನಲ್ಲಿ ಸಾಲ್ಬುಟಮಾಲ್ ಮಾತ್ರೆ ಇರುತ್ತದೆ, ಎದೆ ಬಿಗಿದಾಗ ಒಂದು ನುಂಗುತ್ತೇನೆ. ಈಚೆಗೆ ವಾರಕ್ಕೆ ನಾಲ್ಕೈದು ಸಲ ಬೇಕಾಗುತ್ತಿದೆ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಓಬವ್ವನ ಕಿಂಡಿಯವರೆಗೂ ಹೋಗಲಾಗದೆ ಕುಳಿತುಬಿಟ್ಟೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ, ಪಂಪ್ ಯಾರ ಕಣ್ಣಿಗೂ ಬೀಳಬಾರದು ಎಂದು ಅಮ್ಮ. ರಾತ್ರಿ ಒಂದೇ ಸಲ ನುಂಗುವ ಬಾಂಬುಟೆರಾಲ್ ಮಾತ್ರೆ ಒಳ್ಳೆಯದೆಂದು ಸಂಬಂಧಿಕರೊಬ್ಬರು ಹೇಳಿದರು. ಅದನ್ನೇ ಶುರುಮಾಡಲೇ? (ಚಿತ್ರದುರ್ಗ)

ಉತ್ತರ: ಬೇಡ ತಂಗಿ. ಬಾಂಬುಟೆರಾಲ್ ದೇಹದೊಳಗೆ ಹೋಗಿ ನಿಧಾನವಾಗಿ ಟರ್ಬುಟಲಿನ್ ಆಗಿ ಬದಲಾಗುವ ಮಾತ್ರೆ, ಅದಕ್ಕೇ ದಿನಕ್ಕೊಂದು ಸಾಕು. ಕೆಟ್ಟ ಔಷಧಿಯಲ್ಲ. ಆದರೆ ನಿಮ್ಮ ಕಾಯಿಲೆಯ ಅರ್ಧವನ್ನು ಅದು ಮುಟ್ಟುವುದೇ ಇಲ್ಲ. ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿಯುವುದು ಒಂದು, ಒಳಗೋಡೆ ಊದಿಕೊಂಡು ಲೋಳೆ ತುಂಬುವುದು ಇನ್ನೊಂದು. ನೀವು ನುಂಗುತ್ತಿರುವುದೂ, ಸಂಬಂಧಿಕರು ಹೇಳುವುದೂ ಬಿಗಿತವನ್ನು ಬಿಡಿಸುವ ಔಷಧಿಗಳು. ಬಿಗಿತ ಬಿಟ್ಟಾಗ ಗುಣವಾಯಿತೆಂದು ಅನ್ನಿಸುತ್ತದೆ, ಒಳಗೆ ಊತ ಏರುತ್ತಲೇ ಇರುತ್ತದೆ. ವಾರಕ್ಕೆ ನಾಲ್ಕೈದು ಸಲ ಬೇಕಾಗುತ್ತಿರುವುದು, ಕೋಟೆಯಲ್ಲಿ ಕುಳಿತದ್ದು ಅದರದೇ ಗುರುತು.

ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಜಾಗತಿಕ ಸಂಸ್ಥೆ ಗಿನಾ 2019ರಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿತು. ಬಿಗಿತ ಬಿಡಿಸುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡು ಅಸ್ತಮಾ ನಿಭಾಯಿಸುವುದನ್ನು ದೊಡ್ಡವರಲ್ಲಿ ಮತ್ತು ಹದಿಹರೆಯದವರಲ್ಲಿ ಇನ್ನು ಶಿಫಾರಸು ಮಾಡುವುದಿಲ್ಲ ಎಂದಿತು. ಅದು ಹೇಳಿದ್ದು ಪಂಪಿನ ಸಾಲ್ಬುಟಮಾಲ್‌ಗೇ. ಮಾತ್ರೆಯ ವಿಷಯದಲ್ಲಿ ಅದರ ಮಾತು ಇನ್ನೂ ಖಡಕ್ಕು. ಊತ ಇಳಿಸುವ ಸ್ಟೀರಾಯ್ಡ್ ಪಂಪಿನ ಮೂಲಕ ಅತಿ ಸಣ್ಣ ಪ್ರಮಾಣದಲ್ಲಿ ಹೋಗಬೇಕು. ಊತ ಇಳಿಸುವ ಬುಡೆಸೊನೈಡ್, ಬಿಗಿತ ಬಿಡಿಸುವ ಫಾರ್ಮೊಟೆರಾಲ್ ಎರಡೂ ಕೂಡಿರುವ ಪಂಪನ್ನು ನಿತ್ಯಕ್ಕೂ ತುರ್ತಿಗೂ ಒಂದನ್ನೇ ಬಳಸುವ ಕ್ರಮವೂ ಇದೆ. ನಿಮ್ಮಂಥ ಓಡಾಟದವರಿಗೆ ಅದು ಅನುಕೂಲ. ಇನ್ನೊಂದು ಲೆಕ್ಕ: ಸಾಲ್ಬುಟಮಾಲ್ ಮಾತ್ರೆ ಕೆಲಸ ಶುರುಮಾಡಲು ಸುಮಾರು ಅರ್ಧ ಗಂಟೆ ಬೇಕು, ಪಂಪಿಗೆ ಐದು ನಿಮಿಷ. ತೀವ್ರವಾಗಿ ಉಸಿರು ಕಟ್ಟಿದಾಗ ಆ ಅರ್ಧ ಗಂಟೆಯನ್ನು ಎಲ್ಲಿಂದ ತರುತ್ತೀರಿ?

ಗಂಡು ನೋಡುವ ವಿಷಯಕ್ಕೆ ಬರೋಣ. ನಾನು ವೈದ್ಯೆ, ಮದುವೆ ದಲ್ಲಾಳಿಯಲ್ಲ, ಆದರೂ ಹೇಳುತ್ತೇನೆ. ಮುಚ್ಚಿಟ್ಟು ಮದುವೆಯಾದವರು ಆಮೇಲೆ ಅತ್ತೆಮನೆಯ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಪಂಪ್ ಒತ್ತುವುದನ್ನೂ, ಬಸುರಿಯಾದ ಕೂಡಲೇ ಯಾರ ಮಾತಿಗೋ ಔಷಧಿ ನಿಲ್ಲಿಸಿ ಆಸ್ಪತ್ರೆ ಸೇರುವುದನ್ನೂ ಕಂಡಿದ್ದೇನೆ. ಬಸಿರಿನಲ್ಲಿ ಪಂಪಿನ ಔಷಧಿ ಮುಂದುವರಿಸಬೇಕು. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲುವುದಿಲ್ಲ, ಅಪಾಯ ಅದರಲ್ಲಿದೆ. ಪಂಪ್ ನೋಡಿ ಎದ್ದುಹೋಗುವ ಗಂಡು ಎದ್ದೇ ಹೋಗಲಿ ಎಂದು ನಿಮ್ಮ ಅಮ್ಮನಿಗೆ ನನ್ನ ಹೆಸರಿನಲ್ಲಿ ಹೇಳಿ.

ಪ್ರಶ್ನೆ: ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಒಬ್ಬರು ದಮ್ಮಿಗೆ ಪೊಟ್ಟಣದ ಪುಡಿ ಕೊಡುತ್ತಾರೆ, ಹೆಸರು ಬರೆದಿರುವುದಿಲ್ಲ. ಬರೀ ಗಿಡಮೂಲಿಕೆ ಎನ್ನುತ್ತಾರೆ. ನುಂಗಿದ ದಿನವೇ ಎದೆ ಹಗುರ, ಹಸಿವು ಜೋರು. ಒಂದು ವರ್ಷವಾಯಿತು. ಈಗ ಮುಖ ಊದಿದೆ, ತೊಡೆ ಸಣ್ಣಗಾಗಿದೆ, ಸಕ್ಕರೆ ಬಂದಿದೆ ಎನ್ನುತ್ತಾರೆ. ಪುಡಿ ನಿಲ್ಲಿಸಲೇ?

ಉತ್ತರ: ನಾಳೆಯೇ ಏಕಾಏಕಿ ನಿಲ್ಲಿಸಬೇಡಿ. ಇದನ್ನು ಮೊದಲು ಓದಿ, ಮಿಕ್ಕಿದ್ದನ್ನು ಆಮೇಲೆ.

ದುಂಡಗಾದ ಮುಖ, ಸೊರಗಿದ ತೊಡೆ, ಹೊಸದಾಗಿ ಬಂದ ಸಕ್ಕರೆ, ಜೋರು ಹಸಿವು ನಾಲ್ಕೂ ಒಟ್ಟಿಗೆ ಬಂದರೆ ಪುಡಿಯಲ್ಲಿ ಸ್ಟೀರಾಯ್ಡ್ ಅರೆದು ಸೇರಿಸಿದ್ದಾರೆ ಎಂದು ನಾನು ಬಲವಾಗಿ ಶಂಕಿಸುತ್ತೇನೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಮಾತ್ರೆಗಳು ಅಗ್ಗ, ಉಬ್ಬಸವನ್ನು ಬೇಗ ಇಳಿಸುತ್ತವೆ. ಉಬ್ಬಸ ಜೋರಾದಾಗ ಐದಾರು ದಿನ ನಾವೂ ಕೊಡುತ್ತೇವೆ, ಪ್ರಾಣ ಉಳಿಸುವ ಔಷಧಿ ಅದು. ವರ್ಷಗಟ್ಟಲೆ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸಕ್ಕರೆ, ರಕ್ತದೊತ್ತಡ ಏರುತ್ತವೆ. ಜೊತೆಗೆ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳು, ಹೊರಗಿನಿಂದ ಸಿಗುತ್ತಿದೆಯಲ್ಲ ಎಂದು ತಮ್ಮ ಕೆಲಸ ನಿಲ್ಲಿಸಿಬಿಡುತ್ತವೆ. ಆಗ ಪುಡಿಯನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ. ಉಳಿದ ಪೊಟ್ಟಣಗಳನ್ನು ಎಸೆಯದೆ ಜೊತೆಗೆ ತೆಗೆದುಕೊಂಡು ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ತಿಳಿದ ಸ್ಟೀರಾಯ್ಡನ್ನು ತಿಳಿದ ಪ್ರಮಾಣದಲ್ಲಿ ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಪಂಪಿನಲ್ಲಿಯೂ ಸ್ಟೀರಾಯ್ಡ್ ಇದೆಯಲ್ಲ ಎಂದು ಯಾರೋ ಹೆದರಿಸುತ್ತಾರೆ. ಅದರ ಅಳತೆ ಮೈಕ್ರೋಗ್ರಾಂಗಳಲ್ಲಿ, ಪುಡಿಯದು ಮಿಲಿಗ್ರಾಂಗಳಲ್ಲಿ.

ಗಿಡಮೂಲಿಕೆಯ ಬಗ್ಗೆ ನನಗೆ ತಕರಾರಿಲ್ಲ. ಹೆಸರಿಲ್ಲದ ಪೊಟ್ಟಣದ ಬಗ್ಗೆ ಇದೆ. ಮಿಲ್ಲಿನ ಶೇಂಗಾ ಸಿಪ್ಪೆಯ ದೂಳಿನಲ್ಲಿ ಕೆಲಸ ಮಾಡುವಾಗ ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕ್ ಹಾಕಿ. ಟವೆಲ್ ಸುತ್ತಿಕೊಂಡರೆ ಸಾಲದು.

ಪ್ರಶ್ನೆ: ತಂದೆಗೆ ಅಸ್ತಮಾ ಹತೋಟಿಯಲ್ಲಿತ್ತು. ಕಣ್ಣಿನ ಒತ್ತಡಕ್ಕೆ ಟಿಮೊಲಾಲ್ ಹನಿ ಶುರುವಾದ ಮೇಲೆ ಉಬ್ಬಸ ಹೆಚ್ಚಾಗಿದೆ. ಕಣ್ಣಿಗೂ ಎದೆಗೂ ಏನು ಸಂಬಂಧ ಎಂದು ಎಲ್ಲರೂ ನಗುತ್ತಾರೆ. (ಹೊಸದುರ್ಗ)

ಉತ್ತರ: ನಗುವವರು ನಗಲಿ, ನಿಮ್ಮ ಅನುಮಾನ ಸರಿ. ಟಿಮೊಲಾಲ್ ಕಣ್ಣಿನಿಂದ ಮೂಗಿನ ದಾರಿಯಾಗಿ ರಕ್ತಕ್ಕೆ ಸೇರುತ್ತದೆ. ಸಾಲ್ಬುಟಮಾಲ್ ಶ್ವಾಸನಾಳದ ಯಾವ ಬಾಗಿಲನ್ನು ತೆರೆಯುತ್ತದೋ ಅದನ್ನೇ ಇದು ಮುಚ್ಚುತ್ತದೆ. ಕೈ ನಡುಕಕ್ಕೆ, ಅರೆತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಮಾತ್ರೆಯೂ ಅದೇ ಜಾತಿಯದು. ಕಣ್ಣಿನ ವೈದ್ಯರಿಗೆ ಅಸ್ತಮಾ ಇದೆಯೆಂದು ಕೂಡಲೇ ತಿಳಿಸಿ, ಬೇರೆ ವರ್ಗದ ಹನಿಗಳಿವೆ. ನೀವಾಗಿಯೇ ನಿಲ್ಲಿಸಬೇಡಿ, ಕಣ್ಣಿನ ಒತ್ತಡ ಏರಿದರೆ ದೃಷ್ಟಿ ಹೋಗುತ್ತದೆ. ಬೇರೆ ಹನಿ ಬರೆಸಿಕೊಳ್ಳುವ ಕೆಲಸ ಮಾತ್ರ ಈ ವಾರವೇ ಆಗಬೇಕು, ಉಬ್ಬಸ ಜೋರಾದರೆ ಅಂದೇ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ನೆಗಡಿಯಾದಾಗಲೆಲ್ಲ ಸಾಲ್ಬುಟಮಾಲ್ ಇರುವ ಕೆಮ್ಮಿನ ಸಿರಪ್ ಕೊಡುತ್ತೇವೆ. ಕುಡಿದ ಮೇಲೆ ಕುಣಿದಾಡುತ್ತಾನೆ, ಮಲಗುವುದಿಲ್ಲ. (ಹರಿಹರ)

ಉತ್ತರ: ಕುಣಿದಾಟ ಮಗನದಲ್ಲ, ಸಿರಪ್ಪಿನದು. ಎದೆಯಲ್ಲಿ ಸುಂಯ್ ಎನ್ನುವ ಶಬ್ದವಿಲ್ಲದ ಬರಿಯ ನೆಗಡಿ, ಕೆಮ್ಮಿಗೆ ಅದರಿಂದ ಉಪಯೋಗವಿಲ್ಲ. ಶಬ್ದ ಇದ್ದರೆ ಮಗುವಿಗೆ ಮುಖಕ್ಕೆ ಒಪ್ಪುವ ಮಾಸ್ಕ್ ಇರುವ ಸ್ಪೇಸರಿನಲ್ಲಿ ಪಂಪ್ ಕೊಡುವುದು ಮೇಲು. ಮಕ್ಕಳ ವೈದ್ಯರು ಒಮ್ಮೆ ಎದೆ ಕೇಳಿ ನಿರ್ಧರಿಸಲಿ. ಉಳಿದ ಬಾಟಲಿಯನ್ನು ಮುಂದಿನ ನೆಗಡಿಗೆಂದು ಗೂಡಿನಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ದಮ್ಮಿನ ದೊಡ್ಡ ಮಾತ್ರೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕುಟ್ಟಿ ಬೆಲ್ಲದಲ್ಲಿ ತಿನ್ನಬಹುದೇ? (ಜಗಳೂರು)

ಉತ್ತರ: ಬಾರದು. ಹೆಸರಿನ ಮುಂದೆ ರಿಟಾರ್ಡ್, ಎಸ್‌ಆರ್, ಸಿಆರ್ ಎಂದೇನಾದರೂ ಇದ್ದರೆ ಅದು ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆ ಸ್ವಲ್ಪ ಸ್ವಲ್ಪವಾಗಿ ಬಿಡುವಂತೆ ಮಾಡಿದ ಮಾತ್ರೆ. ಕುಟ್ಟಿದರೆ ಅಷ್ಟೂ ಒಂದೇ ಸಲಕ್ಕೆ ರಕ್ತಕ್ಕೆ ಬರುತ್ತದೆ. ಬೇರೆ ರೂಪದಲ್ಲಿ ಬರೆದುಕೊಡಲು ಕೇಳಿ.

ಪ್ರಶ್ನೆ: ನೀವೆಲ್ಲ ಪಂಪ್ ಪಂಪ್ ಎನ್ನುತ್ತೀರಿ. ನನಗೆ ಒಂದೂವರೆ ಎಕರೆ, ಅದೂ ಮಳೆಯಾಶ್ರಯ. ತಿಂಗಳು ತಿಂಗಳು ಪಂಪ್ ಕೊಳ್ಳುವ ಶಕ್ತಿ ಇಲ್ಲ. ಮಾತ್ರೆ ನುಂಗುವವರು ಮನುಷ್ಯರಲ್ಲವೇ? ನಮಗೆ ಮಾತ್ರೆಯ ಬಗ್ಗೆಯೇ ಹೇಳಿ. (ಹೊನ್ನಾಳಿ ತಾಲ್ಲೂಕು)

ಉತ್ತರ: ಬೈದದ್ದು ನ್ಯಾಯವಾಗಿದೆ. ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಜನೌಷಧಿ ಕೇಂದ್ರಗಳಲ್ಲಿ ಕೆಲವು ಪಂಪುಗಳು ಕಡಿಮೆ ದರಕ್ಕೆ ಸಿಗುತ್ತವೆ, ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿಯೂ ವಿಚಾರಿಸಿ. ಸಾಲ್ಬುಟಮಾಲ್ ಪಂಪ್ ಒಂದರಲ್ಲಿ ಸಾಮಾನ್ಯವಾಗಿ ಇನ್ನೂರು ಒತ್ತುಗಳಿರುತ್ತವೆ. ಪಂಪಿನ ಬೆಲೆಯನ್ನು ಮಾತ್ರೆಯ ಒಂದು ಪಟ್ಟಿಯ ಬೆಲೆಯ ಪಕ್ಕ ಇಟ್ಟು ನೋಡಬೇಡಿ, ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹಾಕಿ. ಜೊತೆಗೆ ವರ್ಷಕ್ಕೊಮ್ಮೆ ಉಸಿರು ಕಟ್ಟಿ ರಾತ್ರೋರಾತ್ರಿ ಕಾರು ಮಾಡಿಕೊಂಡು ದಾವಣಗೆರೆಗೆ ಬಂದ ಖರ್ಚನ್ನೂ ಆ ಕಾಲಮಿನಲ್ಲಿ ಬರೆಯಿರಿ.

ಇಷ್ಟರ ಮೇಲೂ ಮಾತ್ರೆಯೇ ಗತಿ ಎನ್ನುವವರು ಇದ್ದಾರೆ. ದುಡ್ಡಿಲ್ಲದವರು, ಪಕ್ಷವಾತದಿಂದ ಕೈ ಬಾರದವರು, ಮರೆವಿನಿಂದ ಪಂಪ್ ಎಳೆಯಲು ತಿಳಿಯದ ಹಿರಿಯರು, ಪಂಪ್ ಸಾಲದೆ ಅದರ ಜೊತೆಗೆ ಮಾತ್ರೆಯೂ ಬೇಕಾದ ಸಿಒಪಿಡಿಯವರು. ಇಂಥವರಿಗೆ ನಾನೂ ಬರೆಯುತ್ತೇನೆ, ಸಂಕೋಚವಿಲ್ಲದೆ. ಹಲವು ಸಲ ಡಾಕ್ಸೊಫಿಲಿನ್ ಬರೆಯುತ್ತೇನೆ. ಅದು ಥಿಯೊಫಿಲಿನ್ನಿನ ದಾಯಾದಿಯೇ, ಆದರೆ ಹೃದಯದ ಮೇಲೂ ನಿದ್ದೆಯ ಮೇಲೂ ಅದರ ಉಪಟಳ ಕಡಿಮೆ. ಬೇರೆ ಔಷಧಿಗಳೊಂದಿಗೆ ಜಗಳವೂ ಕಡಿಮೆ.

ಮಾತ್ರೆ ಯಾವುದೇ ಇರಲಿ, ದಿನವೂ ಅದೇ ಹೊತ್ತಿಗೆ ನುಂಗಿ. ಬೆಳಿಗ್ಗೆ ಮರೆತರೆ ರಾತ್ರಿ ಎರಡು ನುಂಗಬಾರದು, ಥಿಯೊಫಿಲಿನ್ನಿನಲ್ಲಿ ಇದು ನಿಜಕ್ಕೂ ಅಪಾಯ. ಒಂದು ಕಂಪನಿಯ ಮಾತ್ರೆ ಹಿಡಿಸಿದ್ದರೆ ಅದನ್ನೇ ಕೊಳ್ಳಿ, ನಿಧಾನವಾಗಿ ಬಿಡುವ ಮಾತ್ರೆಗಳು ಕಂಪನಿಯಿಂದ ಕಂಪನಿಗೆ ಬೇರೆ ವೇಗದಲ್ಲಿ ಬಿಡಬಹುದು. ಅಂಗಡಿಯವರು ಇದೂ ಅದೇ ಎಂದು ಬೇರೆ ಪಟ್ಟಿ ಕೊಟ್ಟರೆ ಒಳಗಿನ ಔಷಧಿಯ ಹೆಸರನ್ನೂ ಮಿಲಿಗ್ರಾಂ ಅನ್ನೂ ಹೋಲಿಸಿ ನೋಡಿ. ಎರಡು ಬೇರೆ ಹೆಸರಿನ ಮಾತ್ರೆಗಳಲ್ಲಿ ಒಳಗೆ ಒಂದೇ ಔಷಧಿ ಇದ್ದು ಇಮ್ಮಡಿ ನುಂಗುತ್ತಿದ್ದವರು ನನ್ನ ಬಳಿ ಬಂದಿದ್ದಾರೆ. ಕಾಲಿನ ಊತಕ್ಕೆ ನೀರು ಇಳಿಸುವ ಮಾತ್ರೆ ನುಂಗುವವರು ಸಾಲ್ಬುಟಮಾಲ್ ಮಾತ್ರೆಯನ್ನೂ ನುಂಗುತ್ತಿದ್ದರೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು, ಎರಡೂ ಅದನ್ನು ಇಳಿಸುತ್ತವೆ. ಹೃದಯದ ಕಾಯಿಲೆ, ಫಿಟ್ಸ್, ಥೈರಾಯ್ಡ್ ಹೆಚ್ಚಿರುವುದು, ಯಕೃತ್ತಿನ ತೊಂದರೆ ಇದ್ದರೆ ಮೊದಲೇ ಹೇಳಿ. ಮೂರು ತಿಂಗಳಿಗೊಮ್ಮೆಯಾದರೂ ವೈದ್ಯರ ಮುಖ ನೋಡಿ. ಹಳೆಯ ಚೀಟಿಗೆ ನಿಮ್ಮ ಎದೆಯ ಶಬ್ದ ಕೇಳಿಸುವುದಿಲ್ಲ.

ಮತ್ತು ಇದು ಮಾತ್ರೆಯವರಿಗೂ ಪಂಪಿನವರಿಗೂ ಸೇರಿ: ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ಏದುಸಿರಿನ ನಡುವೆ ಮಂಪರು ಕವಿದರೆ ಇನ್ನೊಂದು ಮಾತ್ರೆ ನುಂಗಿ ಕಾಯುವ ಹೊತ್ತಲ್ಲ ಅದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುತ್ತದೆ. ಪಂಪ್ ಇರುವವರು ವಾಹನ ಬರುವವರೆಗೆ ಅದನ್ನು ಸ್ಪೇಸರಿನ ಜೊತೆ ಬಳಸುತ್ತಿರಿ. ಮಲಗಬೇಡಿ, ನೆಟ್ಟಗೆ ಕುಳಿತಿರಿ.

ಪ್ರಶ್ನೆ: ಹತ್ತಿ ಮಿಲ್ಲಿನಿಂದ ನಿವೃತ್ತನಾದವನು. ಉಬ್ಬಸ ಬಂದಾಗ ಕಡಕ್ ಕಾಫಿ ಕುಡಿದರೆ ಎದೆ ಸ್ವಲ್ಪ ಸಡಿಲವಾಗುತ್ತದೆ. ಮನಸ್ಸಿನ ಭ್ರಮೆ ಎಂದು ಮಗ ಹೇಳುತ್ತಾನೆ. (ದಾವಣಗೆರೆ)

ಉತ್ತರ: ಭ್ರಮೆಯಲ್ಲ. ಕಾಫಿಯ ಕೆಫೀನ್, ಥಿಯೊಫಿಲಿನ್ ಎರಡೂ ಒಂದೇ ಮನೆತನದವು. ಥಿಯೊಫಿಲಿನ್ನನ್ನು ಮೊದಲು ಬೇರ್ಪಡಿಸಿದ್ದೇ ಚಹಾ ಎಲೆಯಿಂದ, ಜರ್ಮನಿಯ ವಿಜ್ಞಾನಿ ಆಲ್ಬ್ರೆಕ್ಟ್ ಕೊಸೆಲ್ 1888ರಲ್ಲಿ. ಕೆಫೀನ್ ಕೆಲವು ಗಂಟೆ ಶ್ವಾಸನಾಳವನ್ನು ಒಂದಿಷ್ಟು ಸಡಿಲಿಸುತ್ತದೆ, ಔಷಧಿಯ ಬದಲಿಗೆ ನೆಚ್ಚುವಷ್ಟಲ್ಲ. ನೀವು ಥಿಯೊಫಿಲಿನ್ ಮಾತ್ರೆಯನ್ನೂ ನುಂಗುತ್ತಿದ್ದರೆ ಕಡಕ್ ಕಾಫಿಯನ್ನು ದಿನಕ್ಕೆ ಒಂದೆರಡಕ್ಕೆ ಇಳಿಸಿ, ಎರಡೂ ಸೇರಿದರೆ ಎದೆ ಡವಗುಟ್ಟುತ್ತದೆ. ಹತ್ತಿಯ ದೂಳಿನಲ್ಲಿ ದುಡಿದವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುವುದುಂಟು. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ, ಮಿಲ್ಲಿನಲ್ಲಿ ಯಾವ ವಿಭಾಗದಲ್ಲಿದ್ದಿರಿ ಎಂಬುದನ್ನೂ ಹೇಳಿ. ಸ್ಪೈರೊಮೆಟ್ರಿ ಮಾಡಿಸಿ. ಆ ಬೆಳಿಗ್ಗೆ ಮಾತ್ರ ಕಾಫಿ, ಚಹಾ ಕುಡಿಯದೆ ಹೋಗಬೇಕು, ಇಲ್ಲದಿದ್ದರೆ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಬಂದುಬಿಡುತ್ತದೆ. ದಮ್ಮಿನ ಔಷಧಿಗಳಲ್ಲಿ ಯಾವುದನ್ನು ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ಪರೀಕ್ಷೆಗೆ ದಿನ ಗೊತ್ತುಮಾಡುವಾಗಲೇ ಕೇಳಿ ಬರೆದುಕೊಳ್ಳಿ.